ಮಂಡಿಯಲ್ಲಿ ಮತ್ತೆ ಮತ್ತೆ ನೀರು

ದೂರದ ಓಟಗಾರರು ನೋವಿಗೆ ಅಂಜುತ್ತಾರೆ. ಊತವನ್ನು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಭಾನುವಾರದ ಉದ್ದನೆಯ ಓಟ ಮುಗಿದ ಸಂಜೆ ಮಂಡಿ ದಪ್ಪಗಾಗುತ್ತದೆ, ಕುಕ್ಕರಗಾಲಲ್ಲಿ ಕೂರಲು ಹೋದರೆ ಬಿಗಿಯುತ್ತದೆ, ಬುಧವಾರದ ಹೊತ್ತಿಗೆ ಇಳಿದಿರುತ್ತದೆ. ಮುಂದಿನ ಭಾನುವಾರ ಮತ್ತೆ ಅದೇ. ನೋವಿಲ್ಲವಲ್ಲ ಎಂದು ಓಟ ನಡೆದೇ ಇರುತ್ತದೆ. ಹೀಗೆ ಬಂದುಹೋಗುವ ಊತವನ್ನು ಹಗುರವಾಗಿ ಕಾಣಬಾರದು.

ಆರೋಗ್ಯವಂತ ಮಂಡಿಯೊಳಗೆ ಇರುವುದು ಕೆಲವೇ ಮಿಲಿಲೀಟರ್ ದ್ರವ. ಮೃದ್ವಸ್ಥಿ ಸವೆದಾಗ ಅಥವಾ ಮೆನಿಸ್ಕಸ್ ಎಂಬ ಮಂಡಿಯೊಳಗಿನ ಮೆತ್ತೆ ಹರಿದಾಗ ಕೀಲಿನ ಒಳಪೊರೆ ಕೆರಳಿ, ಹೀರಿಕೊಳ್ಳುವುದಕ್ಕಿಂತ ಹೆಚ್ಚು ಒಸರತೊಡಗುತ್ತದೆ. ತೊಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಹಿಗ್ಗಿದ ಕೀಲಿನಿಂದ ಬೆನ್ನುಹುರಿಗೆ ಹೋಗುವ ಸಂಕೇತಗಳು ತೊಡೆಯ ಮುಂಭಾಗದ ಸ್ನಾಯುವನ್ನು ತಡೆಹಿಡಿಯುತ್ತವೆ. ನೋವಿಲ್ಲದಿದ್ದರೂ ಹೀಗಾಗುತ್ತದೆ. 1984ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆರೋಗ್ಯವಂತರ ಮಂಡಿಗೆ ಲವಣದ್ರಾವಣ ತುಂಬಿಸಿ ನೋಡಿದರು. 20ರಿಂದ 30 ಮಿಲಿಲೀಟರ್ ಸೇರುತ್ತಲೇ ಮಂಡಿಚಿಪ್ಪಿನ ಒಳಬದಿಯ ಸ್ನಾಯು ಮಂಕಾಯಿತು. 50–60 ಆದಾಗ ಅದರ ಜೊತೆಯ ಸ್ನಾಯುಗಳೂ ಮಂಕಾದವು. ಹೆಜ್ಜೆಯ ಪೆಟ್ಟನ್ನು ತಾಳಿಕೊಳ್ಳಬೇಕಾದ ಸ್ನಾಯುವೇ ಸೊರಗಿದರೆ ಆ ಪೆಟ್ಟು ಕೀಲಿಗೆ ಬೀಳುತ್ತದೆ, ಮತ್ತೆ ನೀರು ತುಂಬುತ್ತದೆ. ಈ ಸುತ್ತನ್ನು ಮುರಿಯುವುದೇ ಚಿಕಿತ್ಸೆಯ ತಿರುಳು.

ಸಿರಿಂಜಿನಿಂದ ನೀರು ತೆಗೆಸಿದರೆ ಬಿಗಿ ಕಡಿಮೆಯಾಗುತ್ತದೆ, ಆದರೆ ಕಾರಣ ಉಳಿದಿದ್ದರೆ ನೀರು ಮರಳಿ ಬರುತ್ತದೆ. ತೆಗೆದ ನೀರನ್ನು ಪರೀಕ್ಷೆಗೆ ಕಳಿಸುವುದೇ ದೊಡ್ಡ ಲಾಭ. ಹರಳು ಕಂಡರೆ ಗೌಟ್ ಎಂಬ ಕೀಲುಬೇನೆ ಇರಬಹುದು, ರಕ್ತವಿದ್ದರೆ ಒಳಗೆ ಏನೋ ಹರಿದಿರಬಹುದು. ಹಿಂದೆ ಚಿಕೂನ್‌ಗುನ್ಯ ಬಂದಿದ್ದರೆ ವೈದ್ಯರಿಗೆ ಹೇಳಲೇಬೇಕು. 2006ರಲ್ಲಿ ಕರ್ನಾಟಕದಲ್ಲೂ ಹರಡಿದ್ದ ಆ ಜ್ವರ ಕೆಲವರ ಕೀಲುಗಳನ್ನು ತಿಂಗಳುಗಟ್ಟಲೆ ಕಾಡುತ್ತದೆ. ಎಲ್ಲವನ್ನೂ ಓಟದ ತಲೆಗೆ ಕಟ್ಟುವುದು ಅನ್ಯಾಯ. 2017ರ ಒಂದು ಸಮೀಕ್ಷಾ ಲೇಖನದಲ್ಲಿ ಸೊಂಟ ಮತ್ತು ಮಂಡಿಯ ಸವೆತ ಹವ್ಯಾಸಿ ಓಟಗಾರರಲ್ಲಿ ಶೇ. 3.5, ಓಡದೆ ಕೂತವರಲ್ಲಿ ಶೇ. 10.2, ಸ್ಪರ್ಧಾ ಓಟಗಾರರಲ್ಲಿ ಶೇ. 13.3ರಷ್ಟಿತ್ತು.

ಮನೆಯಲ್ಲಿ ಬೇಕಾದುದು ದರ್ಜಿಯ ಟೇಪು. ಪ್ರತಿ ಬೆಳಿಗ್ಗೆ ಕಾಲು ಚಾಚಿ, ಮಂಡಿಚಿಪ್ಪಿನ ನಡುಭಾಗದಲ್ಲಿ ಎರಡೂ ಕಾಲುಗಳ ಸುತ್ತಳತೆ ಬರೆದಿಡಿ. ಓಟದ ಮರುದಿನ ಅಳತೆ ಏರಿದ್ದರೆ ಹಿಂದಿನ ದಿನದ ದೂರ ಆ ಮಂಡಿಗೆ ಹೆಚ್ಚಾಯಿತೆಂದೇ ಲೆಕ್ಕ. ಊತ ಇಳಿಯುವ ತನಕ ಓಟ ಬೇಡ. ಹಾಗೆಂದು ಹಾಸಿಗೆಯೂ ಬೇಡ. ಮಲಗಿದರೆ ತೊಡೆ ಇನ್ನಷ್ಟು ಬಡವಾಗುತ್ತದೆ. ಕಾಲು ನೇರವಿಟ್ಟು ತೊಡೆ ಬಿಗಿಹಿಡಿದು ಬಿಡುವ ವ್ಯಾಯಾಮ, ಸೀಟು ಎತ್ತರಿಸಿದ ಸೈಕಲ್, ಈಜು ನಡೆಯಲಿ. ಓಟಕ್ಕೆ ಮರಳುವಾಗ ಅದೇ ವೇಗದಲ್ಲಿ ಹೆಜ್ಜೆ ಗಿಡ್ಡ ಮಾಡಿ, ನಿಮಿಷದ ಹೆಜ್ಜೆಗಳನ್ನು ಶೇ. 5ರಿಂದ 10ರಷ್ಟು ಹೆಚ್ಚಿಸಿದರೆ ಮಂಡಿಯ ಹೊರೆ ಇಳಿಯುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಓಟಕ್ಕೆ ಮುಂಚೆ ಐಬುಪ್ರೊಫೆನ್ ನುಂಗುವ ರೂಢಿಯನ್ನು ಮಾತ್ರ ದಯವಿಟ್ಟು ಬಿಡಿ. ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು.

ಮಂಡಿ ಬಿಸಿಯಾಗಿ, ಕೆಂಪೇರಿ, ಜ್ವರವೂ ಬಂದರೆ ಟೇಪು ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ಕೀಲಿಗೆ ತಗುಲಿದ ಸೋಂಕು ಕೆಲವೇ ದಿನಗಳಲ್ಲಿ ಮೃದ್ವಸ್ಥಿಯನ್ನು ತಿಂದುಹಾಕಬಲ್ಲದು.