ಹೊಳೆಯಾಚೆಗಿನ ಪ್ರಶ್ನೆ

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ಸುಳ್ಯ ಸೀಮೆಯ ಹೊಳೆಗಳ ಬಣ್ಣವೇ ಬದಲಾಗುತ್ತದೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿರುವ ಕಡೆ ಕೆಂಪು ನೀರು ದಡ ಮುಟ್ಟಿ ಹರಿಯುತ್ತದೆ. ಅಡಿಕೆ ಮರದ ಕಾಂಡಗಳನ್ನು ಜೋಡಿಸಿ ಕಟ್ಟಿದ ಕಾಲುಸಂಕ ಒಂದು ರಾತ್ರಿಯ ಮಳೆಗೆ ಕೊಚ್ಚಿ ಹೋಗುವುದೂ ಉಂಟು. ಆಗ ಆಚೆ ದಡದ ಮನೆಯ ಮಕ್ಕಳಿಗೆ ಶಾಲೆ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ದೂರವೇ. ಸಂಕ ದಾಟಿ ಬಂದ ಮಗು ಸಂಜೆ ಮರಳುವವರೆಗೂ ತಾಯಿಗೆ ಕೆಲಸದ ಮೇಲೆ ಮನಸ್ಸಿರುವುದಿಲ್ಲ.

ಅರಂತೋಡು, ತೊಡಿಕಾನ, ಸಂಪಾಜೆ ಕಡೆಯ ಹಿರಿಯರಿಗೆ ಇದು ಹೊಸ ಕಥೆಯೇನಲ್ಲ. ಆದರೆ ಇದೇ ಕಷ್ಟ ಒಬ್ಬ ಇಂಜಿನಿಯರರ ಬದುಕಿನ ದಿಕ್ಕನ್ನೇ ಬದಲಿಸಿದ ಕಥೆ, ಮುಂದೇನು ಓದಬೇಕೆಂದು ಯೋಚಿಸುತ್ತಿರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿದಿರಬೇಕು.

ಸುಳ್ಯದಿಂದ ಮಡಿಕೇರಿ ರಸ್ತೆಯಲ್ಲಿ ಅರಂತೋಡಿಗೆ ಬರುವವರು ಮೊದಲು ಅರಂಬೂರನ್ನು ದಾಟುತ್ತಾರೆ. ಅಲ್ಲಿ ಪಯಸ್ವಿನಿಗೆ ಅಡ್ಡಲಾಗಿ 1989ರಲ್ಲಿ ಒಂದು ತೂಗುಸೇತುವೆ ಎದ್ದಿತು. ಕಟ್ಟಿದವರು ಸುಳ್ಯದ ಗಿರೀಶ್ ಭಾರದ್ವಾಜ್. ಮಂಡ್ಯದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿನಲ್ಲಿ 1973ರಲ್ಲಿ ಪದವಿ ಮುಗಿಸಿ, ಊರಿಗೆ ಮರಳಿ ಸುಳ್ಯದಲ್ಲೇ ವರ್ಕ್‌ಶಾಪ್ ನಡೆಸುತ್ತಿದ್ದವರು. ತಮಗೊಂದು ಸೇತುವೆ ಬೇಕೆಂದು ಕೇಳಿದವರು ಊರಿನ ಜನ. ಕೆಲಸಕ್ಕೆ ಕೈಜೋಡಿಸಿದವರೂ ಅವರೇ.

ಇಲ್ಲೊಂದು ಸ್ವಾರಸ್ಯವಿದೆ. ಗಿರೀಶ್ ಓದಿದ್ದು ಸಿವಿಲ್ ಇಂಜಿನಿಯರಿಂಗ್ ಅಲ್ಲ, ಮೆಕ್ಯಾನಿಕಲ್. ‘ಸೇತುವೆ ನನ್ನ ಸಬ್ಜೆಕ್ಟ್ ಅಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳಲು ಅವರಿಗೆ ಅಡ್ಡಿಯಿರಲಿಲ್ಲ. ಹಾಗೆ ಮಾಡದೆ, ಗೊತ್ತಿಲ್ಲದ್ದನ್ನು ಓದಿ ತಿಳಿದು, ಲೆಕ್ಕ ಹಾಕಿ, ಕಬ್ಬಿಣ ಮತ್ತು ಉಕ್ಕಿನ ಹಗ್ಗದೊಂದಿಗೆ ಹೊಳೆಗಿಳಿದರು. ಆ ಒಂದು ಸೇತುವೆ ನೂರಕ್ಕೂ ಮಿಕ್ಕಿದ ಸೇತುವೆಗಳಿಗೆ ದಾರಿಯಾಯಿತು. ಕರ್ನಾಟಕವಲ್ಲದೆ ಕೇರಳ, ತೆಲಂಗಾಣ, ಒಡಿಶಾಗಳ ಕುಗ್ರಾಮಗಳಿಗೂ ಅವು ತಲುಪಿದವು. 2017ರಲ್ಲಿ ಕೇಂದ್ರ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು.

ಬಟ್ಟೆ ಒಣಗಿಸುವ ಹಗ್ಗದ ಪಾಠ

ತೂಗುಸೇತುವೆ ನಿಂತಿರುವ ತತ್ವವನ್ನು ಮನೆಯಂಗಳದಲ್ಲೇ ನೋಡಬಹುದು. ಬಟ್ಟೆ ಒಣಗಿಸುವ ಹಗ್ಗವನ್ನು ಎರಡು ಕಂಬಗಳಿಗೆ ಎಷ್ಟೇ ಬಿಗಿಯಾಗಿ ಕಟ್ಟಿದರೂ ಒದ್ದೆ ಬಟ್ಟೆ ಹಾಕಿದ ಕೂಡಲೇ ಅದು ನಡುವೆ ಜೋಲುತ್ತದೆ. ಇನ್ನಷ್ಟು ಬಿಗಿದರೆ ಜೋಲು ಕಡಿಮೆಯಾದೀತು, ಪೂರ್ತಿ ಹೋಗದು. ಬಿಗಿಯುತ್ತಲೇ ಹೋದರೆ ಒಂದೋ ಹಗ್ಗ ಹರಿಯುತ್ತದೆ, ಇಲ್ಲವೇ ಕಂಬ ವಾಲುತ್ತದೆ. ಏಕೆ?

ಹಗ್ಗಕ್ಕೆ ಎಳೆತವನ್ನು ತಡೆಯುವುದಷ್ಟೇ ಗೊತ್ತು. ಕೆಳಮುಖವಾದ ಭಾರವನ್ನು ಹೊರಲು ಅದು ಓರೆಯಾಗಲೇಬೇಕು. ಓರೆ ಕಡಿಮೆಯಾದಷ್ಟೂ ಅದೇ ಭಾರಕ್ಕೆ ಹೆಚ್ಚು ಎಳೆತ ಬೇಕಾಗುತ್ತದೆ. ಹೊಳೆಯ ಅಗಲ, ಸೇತುವೆಯ ಭಾರ ಎರಡೂ ಅಷ್ಟೇ ಇದ್ದು ಜೋಲನ್ನು ಅರ್ಧಕ್ಕೆ ಇಳಿಸಿದರೆ ಹಗ್ಗದ ಮೇಲಿನ ಎಳೆತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಆದ್ದರಿಂದ ತೂಗುಸೇತುವೆಯ ಹಗ್ಗ ಜೋಲುವುದು ಕಟ್ಟಿದವರ ತಪ್ಪಿನಿಂದಲ್ಲ, ಅವರ ಲೆಕ್ಕದಿಂದ.

ಇನ್ನು ದಡದ ಗೋಪುರಗಳು ಭಾರವನ್ನು ಒತ್ತಡವಾಗಿ ನೆಲಕ್ಕೆ ದಾಟಿಸುತ್ತವೆ. ಹಗ್ಗದ ತುದಿಗಳನ್ನು ಗೋಪುರದ ಹಿಂದೆ ನೆಲದೊಳಗೆ ಭದ್ರವಾಗಿ ಹುಗಿದಿರುತ್ತಾರೆ. ಹೊಳೆಯ ಮಧ್ಯೆ ಕಂಬ ನಿಲ್ಲಿಸುವ ಅಗತ್ಯವೇ ಇಲ್ಲ. ಮಳೆಗಾಲದಲ್ಲಿ ಮರದ ದಿಮ್ಮಿಗಳನ್ನೇ ಹೊತ್ತು ತರುವ ಮಲೆನಾಡಿನ ಹೊಳೆಗೆ ಇದು ದೊಡ್ಡ ಅನುಕೂಲ. ವಾಹನಗಳಿಗಾಗಿ ಕಟ್ಟುವ ಕಾಂಕ್ರೀಟ್ ಸೇತುವೆಗೆ ಬೇಕಾಗುವ ಹಣ, ಕಾಲ ಎರಡರಲ್ಲೂ ಸಣ್ಣ ಪಾಲು ಸಾಕು. ಹಾಗೆಂದು ಕಟ್ಟಿದ ಮೇಲೆ ಮರೆತುಬಿಡುವಂತಿಲ್ಲ. ತುಕ್ಕು ನೋಡಬೇಕು, ಸಡಿಲಾದ ಬೋಲ್ಟು ಬಿಗಿಯಬೇಕು. ಬಸ್ಸು ಲಾರಿಗಳ ಭಾರ ಅದಕ್ಕೆ ಸಲ್ಲದು. ಒಂದು ವಸ್ತು ಏನನ್ನು ಮಾಡಲಾರದು ಎಂಬುದನ್ನು ಅರಿಯುವುದೂ ಇಂಜಿನಿಯರಿಂಗ್‌ನ ಭಾಗವೇ.

ಬಿದ್ದ ಸೇತುವೆಯೂ ಗುರು

ತೂಗುಸೇತುವೆಯ ಮೇಲೆ ಮಕ್ಕಳು ಒಟ್ಟಾಗಿ ಕುಣಿದರೆ ದೊಡ್ಡವರು ಗದರುತ್ತಾರೆ. ಆ ಗದರಿಕೆಯ ಹಿಂದೆ ಇತಿಹಾಸವಿದೆ. 1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಬ್ರೌಟನ್ ತೂಗುಸೇತುವೆಯ ಮೇಲೆ ಸೈನಿಕರು ಹೆಜ್ಜೆ ಕೂಡಿಸಿ ನಡೆದಾಗ ಅದು ತೂಗಾಡತೊಡಗಿ ಒಂದು ಕಡೆ ಕುಸಿದುಬಿತ್ತು. ಅಂದಿನಿಂದ ಸೇತುವೆ ದಾಟುವಾಗ ಹೆಜ್ಜೆ ಮುರಿದು ನಡೆಯಬೇಕೆಂಬ ಆಜ್ಞೆ ಬ್ರಿಟಿಷ್ ಸೈನ್ಯದಲ್ಲಿ ಬಂತು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಸ್ವಲ್ಪ ಸ್ವಲ್ಪವೇ ತಳ್ಳಿದರೂ ಅದು ಎತ್ತರಕ್ಕೆ ಏರುವಂತೆ ಇದೂ ಸಹ. ಭೌತಶಾಸ್ತ್ರದಲ್ಲಿ ಇದಕ್ಕೆ ಅನುರಣನ ಎನ್ನುತ್ತಾರೆ.

1940ರ ನವೆಂಬರ್ 7ರಂದು ಅಮೆರಿಕದ ಟಕೋಮಾ ಕಿರುದಾರಿಯ ದೊಡ್ಡ ತೂಗುಸೇತುವೆ ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದ ಗಾಳಿಗೇ ತಿರುಚಿಕೊಂಡು ಮುರಿದು ನೀರಿಗೆ ಬಿತ್ತು. ಸಂಚಾರಕ್ಕೆ ತೆರೆದು ನಾಲ್ಕೇ ತಿಂಗಳಾಗಿತ್ತು. ‘ಹೀಗೇಕಾಯಿತು’ ಎಂದು ಹಿಡಿದ ಹಟ ಬಿಡದೆ ಹುಡುಕಿದವರಿಂದಾಗಿ ಸೇತುವೆ ವಿನ್ಯಾಸದಲ್ಲಿ ಗಾಳಿಯ ಅಧ್ಯಯನ ಕಡ್ಡಾಯವೆಂಬಂತಾಯಿತು. ಸೋಲಿಗೆ ಕಾರಣ ಕೇಳುವವನಿಗೆ ಸೋಲೂ ಒಂದು ಪಾಠದ ಪುಸ್ತಕ.

ಹಟ ಬಿಡದ ಹೆಣ್ಣುಮಗಳು

ಕುತೂಹಲ ಬಾಗಿಲು ತೆರೆಯುತ್ತದೆ, ಒಳಗೆ ನಡೆಯಲು ಛಲ ಬೇಕು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಕಥೆ ಇದಕ್ಕೆ ಸಾಕ್ಷಿ. ಅದನ್ನು ರೂಪಿಸಿದ ಜಾನ್ ರೋಬ್ಲಿಂಗ್ 1869ರಲ್ಲಿ ತೀರಿಕೊಂಡರು. ಹೊಣೆ ಹೊತ್ತ ಮಗ ವಾಷಿಂಗ್ಟನ್, ನದಿತಳದ ಒತ್ತಡದ ಗಾಳಿಯಲ್ಲಿ ಕೆಲಸ ಮಾಡಿ ಕಾಯಿಲೆಗೆ ತುತ್ತಾಗಿ ಹಾಸಿಗೆ ಹಿಡಿದರು. ಆಗ ಮುಂದೆ ಬಂದವರು ಅವರ ಹೆಂಡತಿ ಎಮಿಲಿ. ಇಂಜಿನಿಯರಿಂಗ್ ಪದವಿ ಇಲ್ಲದ ಆಕೆ ವಸ್ತುಗಳ ಬಲ, ಉಕ್ಕಿನ ಹಗ್ಗದ ರಚನೆ ಮುಂತಾದವನ್ನು ತಾವೇ ಕಲಿತರು. ಗಂಡನ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಒಯ್ದು, ಸುಮಾರು ಹತ್ತು ವರ್ಷ ದುಡಿದರು. 1883ರ ಮೇ 24ರಂದು ಸೇತುವೆ ಸಂಚಾರಕ್ಕೆ ತೆರೆಯಿತು. ಅದು ಇಂದಿಗೂ ನಿಂತಿದೆ.

ಮಾರ್ಕಿನಿಂದಾಚೆ

ಇಂದು ಸುಳ್ಯದ ಮಕ್ಕಳಿಗೆ ಇಂಜಿನಿಯರಿಂಗ್ ಓದಲು ಮಂಡ್ಯಕ್ಕೇ ಹೋಗಬೇಕೆಂದಿಲ್ಲ. ಕುರುಂಜಿ ವೆಂಕಟ್ರಮಣ ಗೌಡರ ಶ್ರಮದಿಂದ ಸುಳ್ಯದಲ್ಲೇ 1986ರಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಪಿ.ಯು.ಸಿ. ವಿಜ್ಞಾನ ಓದಿ ಸಿ.ಇ.ಟಿ. ಬರೆಯುವುದು ಒಂದು ದಾರಿ. ಎಸ್ಸೆಸ್ಸೆಲ್ಸಿ ಬಳಿಕ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಪದವಿಯ ಎರಡನೇ ವರ್ಷಕ್ಕೆ ನೇರವಾಗಿ ಸೇರುವುದು ಇನ್ನೊಂದು ದಾರಿ. ಕೈಕೆಲಸದಲ್ಲಿ ಆಸಕ್ತಿಯಿರುವ, ಪಿ.ಯು.ಸಿ. ಓಟಕ್ಕೆ ಹೆದರುವ ಮಕ್ಕಳು ಇದನ್ನು ಮರೆಯಬಾರದು.

ಸೀಟು ಸಿಗಲು ರ್‍ಯಾಂಕ್ ಬೇಕು, ನಿಜ. ಅದಕ್ಕಾಗಿ ಗಣಿತ, ಭೌತಶಾಸ್ತ್ರಗಳನ್ನು ದಿನವೂ ಅಭ್ಯಾಸ ಮಾಡಲೇಬೇಕು. ಆದರೆ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಬೇರೆಯವರು ಕೊಡುತ್ತಾರೆ, ಬದುಕಿನಲ್ಲಿ ಪ್ರಶ್ನೆಯನ್ನೂ ತಾನೇ ಹುಡುಕಬೇಕು. ತೋಟದ ಪಂಪು ಏಕೆ ನೀರೆತ್ತುತ್ತಿಲ್ಲ, ಅಡಿಕೆ ಸುಲಿಯುವ ಯಂತ್ರ ಕಾಯಿಯನ್ನು ಒಡೆಯದೆ ಸಿಪ್ಪೆಯನ್ನಷ್ಟೇ ಹೇಗೆ ತೆಗೆಯುತ್ತದೆ, ಹೊಳೆಯ ತಿರುವಿನಲ್ಲಿ ಒಂದೇ ದಡ ಏಕೆ ಕೊರೆದುಹೋಗುತ್ತದೆ – ಹೀಗೆ ಕೇಳುವ ಮಗುವಿಗೆ ‘ಸುಮ್ಮನೆ ಓದಿಕೋ’ ಎಂದು ಗದರುವ ಬದಲು ಒಂದು ಸ್ಪಾನರ್ ಕೈಗೆ ಕೊಟ್ಟು ಜೊತೆಯಲ್ಲಿ ಕೂರುವ ಅಪ್ಪ, ಮಾವ, ಮೇಷ್ಟ್ರು ಬೇಕು. ಉತ್ತರ ಗೊತ್ತಿಲ್ಲದಿದ್ದರೆ ‘ಬಾ, ನೋಡೋಣ’ ಎಂದರೂ ಸಾಕು.

ತೂಗುಸೇತುವೆಯ ನಡುವೆ ನಿಂತು ‘ಇದು ಏಕೆ ಅಲುಗಾಡುತ್ತದೆ’ ಎಂದು ಒಂದು ಮಗು ಕೇಳಿದರೆ, ಹೆದರಬೇಡ ಎಂದಷ್ಟೇ ಹೇಳಿ ದಾಟಿಸಿಬಿಡುವುದು ಸುಲಭ. ಒಂದು ಗಳಿಗೆ ಅಲ್ಲೇ ನಿಂತು ಹಗ್ಗವನ್ನು ತೋರಿಸಿದರೆ, ಮುಂದೆ ಇನ್ನಾವುದೋ ಊರಿನ ಹೊಳೆಗೆ ಸೇತುವೆ ಕಟ್ಟುವವರು ಆ ಗಳಿಗೆಯಲ್ಲೇ ಹುಟ್ಟಿಯಾರು.