ಹರಿದು ಬರುವ ವಾರ್ತೆ

ದೂರದ ನಗರವೊಂದರಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದೆ. ಹಳ್ಳಿಯ ಮನೆಯ ಜಗಲಿಯಲ್ಲಿ ಕುಳಿತ ಹುಡುಗನೊಬ್ಬನು ತನ್ನ ಕೈಯಲ್ಲಿರುವ ದೂರವಾಣಿಯ ತೆರೆಯನ್ನೇ ನೋಡುತ್ತಿದ್ದಾನೆ. ತೆರೆಯ ಮೇಲಿದ್ದ 142 ಎಂಬ ಅಂಕಿ ಇದ್ದಕ್ಕಿದ್ದಂತೆ 146 ಆಗುತ್ತದೆ. ಹುಡುಗನು ಯಾವ ಗುಂಡಿಯನ್ನೂ ಒತ್ತಲಿಲ್ಲ. ಪುಟವನ್ನು ಮತ್ತೊಮ್ಮೆ ತೆರೆಯಲೂ ಇಲ್ಲ. ದಾಂಡಿಗನು ಚೆಂಡನ್ನು ಗಡಿಯಾಚೆಗೆ ಅಟ್ಟಿದ ವಾರ್ತೆ ತಾನಾಗಿಯೇ ಅವನನ್ನು ಹುಡುಕಿಕೊಂಡು ಬಂದಿತು. ನೋಡಲು ಇದು ಸರಳವಾದ ಸಂಗತಿ. ಆದರೆ ಇದರ ಹಿಂದೆ ಒಂದನ್ನೊಂದು ಕಾಣದ ಎರಡು ಗಣಕಯಂತ್ರಗಳ ನಡುವಣ ಒಪ್ಪಂದವೊಂದಿದೆ. ಅಂತಹ ಒಪ್ಪಂದಕ್ಕೆ ಪ್ರೋಟೊಕಾಲ್ ಎಂದು ಹೆಸರು.

1989ರಲ್ಲಿ ಟಿಮ್ ಬರ್ನರ್ಸ್ ಲೀ ಎಂಬ ವಿಜ್ಞಾನಿಯು ಜಿನೀವದ ಬಳಿಯ ಸರ್ನ್ ಸಂಸ್ಥೆಯಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ರೂಪಿಸಿದನು. ಆ ಜಾಲದ ವ್ಯವಹಾರವೆಲ್ಲ ಪ್ರಶ್ನೋತ್ತರದ ರೀತಿಯದು. ಓದುಗನ ಯಂತ್ರವು ಪುಟವೊಂದನ್ನು ಕೇಳುತ್ತದೆ. ಮಾಹಿತಿಯನ್ನು ಕಾಯ್ದಿರಿಸಿಕೊಂಡಿರುವ ಸರ್ವರ್ ಎಂಬ ಯಂತ್ರವು ಅದನ್ನು ಕೊಡುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಕೇಳದೆ ಹೇಳುವ ಪದ್ಧತಿ ಸರ್ವರಿಗೆ ಇರಲಿಲ್ಲ. ಪುಸ್ತಕಭಂಡಾರದಲ್ಲಿ ಕೇಳಿದ ಪುಸ್ತಕವನ್ನು ತಂದುಕೊಡುವ ಸೇವಕನಿಗೆ ಇದು ಸಾಕು. ಆದರೆ ಕ್ಷಣಕ್ಷಣಕ್ಕೂ ಬದಲಾಗುವ ಸುದ್ದಿಯನ್ನು ತಿಳಿಯಬೇಕಾದವನಿಗೆ ಇದು ಸಾಲದು.

ಈ ಕೊರತೆಯನ್ನು ನೀಗಲು ಮೊದಮೊದಲು ಕಂಡುಕೊಂಡ ಉಪಾಯವೆಂದರೆ ಮತ್ತೆ ಮತ್ತೆ ಕೇಳುವುದು. "ಹೊಸದೇನಾದರೂ ಇದೆಯೆ?" ಎಂದು ಓದುಗನ ಯಂತ್ರವು ಕೆಲವು ಸೆಕೆಂಡುಗಳಿಗೊಮ್ಮೆ ಪ್ರಶ್ನಿಸುತ್ತದೆ, "ಇಲ್ಲ" ಎಂದು ಸರ್ವರ್ ಉತ್ತರಿಸುತ್ತದೆ. ಹೀಗೆ ಕೇಳುವವರು ಲಕ್ಷಾಂತರ ಮಂದಿಯಾದರೆ ಸರ್ವರಿನ ಶಕ್ತಿಯೆಲ್ಲ "ಇಲ್ಲ" ಎನ್ನುವುದರಲ್ಲೇ ಸೋರಿಹೋಗುತ್ತದೆ. ಅಂಚೆಯವನು ಬಂದನೇ ಎಂದು ಗಳಿಗೆಗೊಮ್ಮೆ ಬಾಗಿಲಿಗೆ ಓಡುವವನಿಗೆ ಕಾಗದ ಬೇಗ ಬರುವುದಿಲ್ಲ. ಕಾಲು ಮಾತ್ರ ನೋಯುತ್ತದೆ.

2004ರಲ್ಲಿ ಇಯಾನ್ ಹಿಕ್ಸನ್ ಎಂಬ ತಂತ್ರಜ್ಞನು ಇದಕ್ಕೆ ಬೇರೊಂದು ಪರಿಹಾರವನ್ನು ಸೂಚಿಸಿದನು. ಅದರ ಸಾರವಿಷ್ಟೆ: ಓದುಗನ ಯಂತ್ರವು ಒಮ್ಮೆ ಮಾತ್ರ ಕೇಳಲಿ, ಸರ್ವರ್ ಉತ್ತರವನ್ನು ಆರಂಭಿಸಲಿ, ಆದರೆ ಮುಗಿಸದಿರಲಿ. ಹೊಸ ಸಂಗತಿ ಘಟಿಸಿದಾಗಲೆಲ್ಲ ಅದೇ ಉತ್ತರಕ್ಕೆ ಇನ್ನಷ್ಟು ಸಾಲುಗಳು ಸೇರುತ್ತ ಹೋಗಲಿ. ಕಾಲುವೆಯ ತೂಬನ್ನು ಒಮ್ಮೆ ತೆರೆದಿಟ್ಟರೆ ನೀರು ಬಂದಾಗಲೆಲ್ಲ ಗದ್ದೆಗೆ ಹರಿಯುವಂತೆ ವಾರ್ತೆಯೂ ಹರಿದು ಬರುತ್ತದೆ. ಸರ್ವರ್ ಸೆಂಟ್ ಈವೆಂಟ್ಸ್ ಎಂದು ಹೆಸರಾದ ಈ ಕ್ರಮವನ್ನು 2006ರಲ್ಲಿ ಓಪೆರಾ ಎಂಬ ಬ್ರೌಸರ್ ತಂತ್ರಾಂಶವು ಅಳವಡಿಸಿಕೊಂಡಿತು. 2015ರಲ್ಲಿ ವಿಶ್ವವ್ಯಾಪಿ ಜಾಲದ ಒಕ್ಕೂಟವು ಇದನ್ನು ಶಿಫಾರಸಾಗಿ ಪ್ರಕಟಿಸಿತು. ಇಂದು ಇದು ಎಚ್‌ಟಿಎಂಎಲ್ ಮಾನಕದ ಒಂದು ಭಾಗವಾಗಿದೆ.

ಈ ಪ್ರವಾಹದ ರಚನೆ ಬಹು ಸರಳವಾದುದು. ಪ್ರತಿಯೊಂದು ವಾರ್ತೆಯೂ ಕೆಲವು ಸಾಲುಗಳ ಬರಹ. "ಡೇಟಾ" ಎಂದು ಆರಂಭವಾಗುವ ಸಾಲಿನಲ್ಲಿ ವಾರ್ತೆಯ ವಿಷಯವಿರುತ್ತದೆ. "ಐಡಿ" ಎಂದು ಆರಂಭವಾಗುವ ಸಾಲಿನಲ್ಲಿ ವಾರ್ತೆಯ ಗುರುತಿನ ಸಂಖ್ಯೆಯಿರುತ್ತದೆ. ಬಳಿಕ ಒಂದು ಖಾಲಿ ಸಾಲು. ಈ ಖಾಲಿ ಸಾಲೇ ವಾರ್ತೆ ಮುಗಿಯಿತೆಂಬುದರ ಸೂಚನೆ. ಬಹಳ ಹೊತ್ತು ಯಾವ ವಾರ್ತೆಯೂ ಇಲ್ಲದಿದ್ದರೆ ನಡುವಣ ಯಂತ್ರಗಳು ಸಂಪರ್ಕವನ್ನು ಕಡಿದುಹಾಕುವ ಸಂಭವವುಂಟು. ಆದುದರಿಂದ ಸುಮಾರು 15 ಸೆಕೆಂಡಿಗೊಮ್ಮೆ ವಿವರಣ ಚಿಹ್ನೆಯಿಂದ ಆರಂಭವಾಗುವ ಅರ್ಥರಹಿತವಾದ ಸಾಲೊಂದನ್ನು ಕಳುಹಿಸುವುದು ಒಳಿತೆಂದು ಮಾನಕವೇ ಸಲಹೆ ನೀಡಿದೆ. ಅದು "ನಾನಿನ್ನೂ ಇದ್ದೇನೆ" ಎಂದು ಹೂಂಗುಟ್ಟಿದಂತೆ.

ಇಲ್ಲಿ ಒಂದು ಮುಖ್ಯವಾದ ಪ್ರಶ್ನೆ ಏಳುತ್ತದೆ. ಸರ್ವರ್ ಪ್ರತಿಸಲವೂ ಪೂರ್ಣ ವಿವರವನ್ನು ಕಳುಹಿಸಬೇಕೆ, ಇಲ್ಲವೆ ಬದಲಾದಷ್ಟನ್ನು ಮಾತ್ರ ಕಳುಹಿಸಿದರೆ ಸಾಕೆ? ನೂರು ಪುಟದ ದಾಖಲೆಯಲ್ಲಿ ಒಂದು ಪದ ತಿದ್ದಿದ ಮಾತ್ರಕ್ಕೆ ನೂರು ಪುಟಗಳನ್ನೂ ಮತ್ತೆ ಕಳುಹಿಸುವುದು ವ್ಯರ್ಥವೆಂದು ಯಾರಿಗಾದರೂ ತೋರುತ್ತದೆ. ಬದಲಾವಣೆಯನ್ನಷ್ಟೇ ಕಳುಹಿಸುವುದು ಮಿತವ್ಯಯದ ಮಾರ್ಗ. ಆದರೆ ಈ ಮಿತವ್ಯಯಕ್ಕೆ ತೆರಬೇಕಾದ ಬೆಲೆಯೊಂದಿದೆ. "ಒಟ್ಟು 146" ಎಂಬ ವಾರ್ತೆ ಎರಡು ಸಲ ಬಂದರೂ ಕೇಡಿಲ್ಲ. ಒಂದು ಸಲ ತಪ್ಪಿಹೋದರೂ ಮುಂದಿನದು ಅದನ್ನು ಸರಿಪಡಿಸುತ್ತದೆ. "ನಾಲ್ಕನ್ನು ಕೂಡಿಸು" ಎಂಬ ವಾರ್ತೆಯಾದರೋ ಎರಡು ಸಲ ಬಂದರೆ ಮೊತ್ತ 150 ಆಗುತ್ತದೆ. ತಪ್ಪಿಹೋದರೆ 142ರಲ್ಲೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ಬರುವ ವಾರ್ತೆಗಳೆಲ್ಲ ಸರಿಯಾಗಿಯೇ ಇದ್ದರೂ ಮೊತ್ತವು ಮಾತ್ರ ಪಂದ್ಯದ ಕೊನೆಯವರೆಗೂ ತಪ್ಪಾಗಿಯೇ ಉಳಿಯುತ್ತದೆ.

ಜಾಲದ ಸಂಪರ್ಕವು ಕಡಿಯದಿರುವುದೆಂದು ಯಾರೂ ಭರವಸೆ ಕೊಡಲಾರರು. ಕಡಿದ ಮೇಲೆ ಮತ್ತೆ ಜೋಡಿಸಿಕೊಂಡಾಗ ಓದುಗನ ಯಂತ್ರವು ತಾನು ಕೊನೆಯದಾಗಿ ಪಡೆದ ವಾರ್ತೆಯ ಸಂಖ್ಯೆಯನ್ನು ಸರ್ವರಿಗೆ ತಿಳಿಸುತ್ತದೆ. ಸರ್ವರ್ ಅದರ ಮುಂದಿನದರಿಂದ ಆರಂಭಿಸಬಹುದು. ಪುಸ್ತಕ ಓದುವವನು ಪುಟದ ನಡುವೆ ಗುರುತಿಗೆ ನವಿಲುಗರಿಯನ್ನಿಟ್ಟಂತೆ ಇದು. ಆದರೆ "ಪಡೆದ ವಾರ್ತೆ" ಎಂದರೆ ಯಾವುದು? ಇಡೀ ವ್ಯವಸ್ಥೆಯ ಭದ್ರತೆ ಈ ಎರಡು ಪದಗಳ ಅರ್ಥದ ಮೇಲೆ ನಿಂತಿದೆ.

57ನೆಯ ವಾರ್ತೆಯ "ಐಡಿ" ಸಾಲು ಬಂದಿತು. "ನಾಲ್ಕನ್ನು ಕೂಡಿಸು" ಎಂಬ ಸಾಲೂ ಬಂದಿತು. ಖಾಲಿ ಸಾಲು ಬರುವ ಮೊದಲೇ ಸಂಪರ್ಕ ಕಡಿಯಿತು ಎಂದಿಟ್ಟುಕೊಳ್ಳಬಹುದು. ಕರಡು ನಿಯಮದಲ್ಲಿ "ಪಡೆದ ವಾರ್ತೆಯ ಸಂಖ್ಯೆಯನ್ನು ತಿಳಿಸಬೇಕು" ಎಂದಷ್ಟೇ ಬರೆದಿದ್ದರೆ, ಒಬ್ಬ ತಂತ್ರಜ್ಞನು ಸಂಖ್ಯೆಯನ್ನು ಕಂಡೊಡನೆ ಅದನ್ನು ಗುರುತಿಟ್ಟುಕೊಳ್ಳುವಂತೆ ತಂತ್ರಾಂಶವನ್ನು ರಚಿಸುತ್ತಾನೆ. ಅವನ ಯಂತ್ರವು ಅರ್ಧ ವಾರ್ತೆಯನ್ನು ಬಿಸುಟು, "57 ತಲುಪಿದೆ" ಎನ್ನುತ್ತದೆ. ಸರ್ವರ್ 58ರಿಂದ ಆರಂಭಿಸುತ್ತದೆ; ನಾಲ್ಕು ಓಟಗಳು ಕಳೆದುಹೋಗುತ್ತವೆ. ಇನ್ನೊಬ್ಬನು ವಿಷಯವನ್ನು ಕಂಡೊಡನೆ ಕೂಡಿಸಿ, ಸಂಖ್ಯೆಯನ್ನು ಮಾತ್ರ ಖಾಲಿ ಸಾಲು ಬಂದ ಮೇಲೆ ಗುರುತಿಟ್ಟುಕೊಳ್ಳುತ್ತಾನೆ. ಅವನ ಯಂತ್ರವು "56 ತಲುಪಿದೆ" ಎನ್ನುತ್ತದೆ, 57 ಮತ್ತೆ ಬರುತ್ತದೆ, ನಾಲ್ಕು ಎಂಟಾಗುತ್ತದೆ. ಇಬ್ಬರೂ ಜಾಣರೇ, ಇಬ್ಬರೂ ನಿಯಮವನ್ನು ಓದಿಯೇ ನಡೆದವರು. ತಪ್ಪು ಇರುವುದು ನಿಯಮದ ಮಾತಿನಲ್ಲಿ.

ಆದುದರಿಂದಲೇ ಈಗಿನ ಮಾನಕವು ಈ ಅಂಶವನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳುತ್ತದೆ. ಖಾಲಿ ಸಾಲು ಬರುವವರೆಗೆ ವಾರ್ತೆ ವಾರ್ತೆಯಲ್ಲ. ಅದು ಬಂದಾಗಲೇ ಸಂಖ್ಯೆಯೂ ನೆಲೆಗೊಳ್ಳಬೇಕು, ವಿಷಯವೂ ಮುಂದಕ್ಕೆ ಸಲ್ಲಬೇಕು. ನಡುವೆ ಪ್ರವಾಹವು ನಿಂತರೆ ಅರ್ಧಕ್ಕೆ ಉಳಿದುದನ್ನು ಬಿಸುಡಬೇಕು. ಆದರೆ ಹಳೆಯ ವಾರ್ತೆಗಳನ್ನು ಎಷ್ಟು ಕಾಲ ಕಾಯ್ದಿರಿಸಬೇಕೆಂಬುದನ್ನು ಸರ್ವರಿನ ಇಚ್ಛೆಗೇ ಬಿಡಲಾಗಿದೆ. ಬಹಳ ಹೊತ್ತು ದೂರವಿದ್ದು ಮರಳಿದವನಿಗೆ ಬದಲಾವಣೆಗಳ ಬದಲು ಪೂರ್ಣ ಮೊತ್ತವನ್ನು ಒಮ್ಮೆ ಕೊಟ್ಟು ಹೊಸದಾಗಿ ಆರಂಭಿಸುವುದು ವಿವೇಕದ ಮಾರ್ಗ.

ಕರಡನ್ನು ಹಲವರ ಮುಂದಿಟ್ಟು ತಿದ್ದುವ ಸಂಪ್ರದಾಯ ಅಂತರಜಾಲದಷ್ಟೇ ಹಳೆಯದು. 1969ರ ಏಪ್ರಿಲ್ 7ರಂದು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಸ್ಟೀವ್ ಕ್ರಾಕರ್ ಜಾಲದ ನಿಯಮಗಳ ಬಗ್ಗೆ ಮೊದಲ ಟಿಪ್ಪಣಿಯನ್ನು ಬರೆದನು. ಅಪ್ಪಣೆ ಕೊಡುವ ಧ್ವನಿ ಅದಕ್ಕೆ ಬರಬಾರದೆಂದು ಅವನು ಆ ಟಿಪ್ಪಣಿಗಳನ್ನು "ಅಭಿಪ್ರಾಯಕ್ಕಾಗಿ ಕೋರಿಕೆ" ಎಂಬ ಅರ್ಥದ ಹೆಸರಿನಿಂದ ಕರೆದನು. ಅದೇ ವರ್ಷದ ಅಕ್ಟೋಬರ್ 29ರಂದು ಆ ಜಾಲದ ಮೊದಲ ಸಂದೇಶವನ್ನು ಕಳುಹಿಸಲು ಯತ್ನಿಸಿದಾಗ, "ಲಾಗಿನ್" ಎಂಬ ಪದದ ಎಲ್ ಮತ್ತು ಓ ಅಕ್ಷರಗಳು ತಲುಪುವಷ್ಟರಲ್ಲಿ ಆ ಕಡೆಯ ಯಂತ್ರವು ಕುಸಿಯಿತು. ಸುಮಾರು ಒಂದು ಗಂಟೆಯ ಬಳಿಕವೇ ಪೂರ್ಣ ಪದ ತಲುಪಿತು. ಸಂದೇಶವು ಅರ್ಧದಲ್ಲಿ ಕಡಿಯಬಹುದೆಂಬ ಪಾಠ ಜಾಲದ ಮೊದಲ ದಿನವೇ ದೊರೆಯಿತು.

1986ರಿಂದ ಈ ಕಾರ್ಯವನ್ನು ಅಂತರಜಾಲ ತಂತ್ರಜ್ಞರ ಕಾರ್ಯಪಡೆಯೊಂದು ನಡೆಸಿಕೊಂಡು ಬಂದಿದೆ. ಅದರ ಚರ್ಚೆಯಲ್ಲಿ ಯಾರು ಬೇಕಾದರೂ ಭಾಗವಹಿಸಬಹುದು. ಅಲ್ಲಿ ಒಂದು ಕರಡಿನ ಆಯುಷ್ಯ ಆರು ತಿಂಗಳು. ಅಷ್ಟರೊಳಗೆ ತಿದ್ದಿ ಮತ್ತೆ ಮಂಡಿಸದಿದ್ದರೆ ಅದು ಊರ್ಜಿತದಲ್ಲಿರುವುದಿಲ್ಲ. ಮಾನಕವೊಂದು ಅತ್ಯುನ್ನತ ಸ್ಥಾನಕ್ಕೇರಬೇಕಾದರೆ, ಬೇರೆ ಬೇರೆಯವರು ಸ್ವತಂತ್ರವಾಗಿ ರಚಿಸಿದ ಕನಿಷ್ಠ ಎರಡು ತಂತ್ರಾಂಶಗಳು ಪರಸ್ಪರ ಹೊಂದಿಕೊಂಡು ಕೆಲಸ ಮಾಡಬೇಕು. ಬರೆದವನನ್ನು ಕೇಳದೆ, ಬರೆದುದನ್ನು ಮಾತ್ರ ಓದಿ, ಇಬ್ಬರೂ ಒಂದೇ ಅರ್ಥವನ್ನು ಪಡೆದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.

ಪದಗಳ ವಿಷಯದಲ್ಲಿಯೂ ಇದೇ ಎಚ್ಚರ. 1997ರಲ್ಲಿ ಸ್ಕಾಟ್ ಬ್ರಾಡ್‌ನರ್ ಎಂಬವನು "ಬೇಕು", "ಕೂಡದು", "ಒಳಿತು", "ಬಹುದು" ಎಂಬ ಅರ್ಥದ ಇಂಗ್ಲಿಷ್ ಪದಗಳಿಗೆ ಖಚಿತವಾದ ಬೆಲೆಯನ್ನು ನಿಗದಿಮಾಡಿದನು. "ಬೇಕು" ಎಂದಲ್ಲಿ ವಿನಾಯಿತಿಯಿಲ್ಲ. "ಒಳಿತು" ಎಂದಲ್ಲಿ ತಕ್ಕ ಕಾರಣವಿದ್ದರೆ ಬಿಡಬಹುದು. "ಬಹುದು" ಎಂಬುದು ಅವರವರ ಇಚ್ಛೆ. ಆದರೂ ಸಂದೇಹ ತೀರಲಿಲ್ಲ. ಈ ಪದಗಳು ಸಾಮಾನ್ಯ ವಾಕ್ಯದಲ್ಲಿ ಬಂದರೂ ಅದೇ ಬೆಲೆಯೇ ಎಂಬ ಪ್ರಶ್ನೆ ಹುಟ್ಟಿತು. 2017ರಲ್ಲಿ ಇನ್ನೊಂದು ಟಿಪ್ಪಣಿಯು, ದೊಡ್ಡಕ್ಷರಗಳಲ್ಲಿ ಬರೆದಾಗ ಮಾತ್ರ ಆ ಬೆಲೆಯೆಂದು ಸ್ಪಷ್ಟಪಡಿಸಿತು. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲದ ಕನ್ನಡದಲ್ಲಿ ಇಂತಹ ನಿಯಮಗಳನ್ನು ಬರೆಯುವವನು ಬೇರೊಂದು ಗುರುತನ್ನು ಕಂಡುಕೊಳ್ಳಬೇಕಾದೀತು.

ಕ್ರಿಕೆಟ್ಟಿನ ನಾಲ್ಕು ಓಟಗಳು ತಪ್ಪಿದರೆ ಲೋಕವೇನೂ ಮುಳುಗುವುದಿಲ್ಲ. ಆದರೆ ಮಳೆಗಾಲದಲ್ಲಿ ನದಿಯ ನೀರು 20 ಸೆಂಟಿಮೀಟರ್ ಏರಿತೆಂಬ ವಾರ್ತೆಯೂ ಇದೇ ಬಗೆಯಲ್ಲಿ ಹರಿದು ಬರಬಹುದು. ಅದು ನಡುವೆ ಕಳೆದುಹೋದರೆ ತೆರೆಯ ಮೇಲೆ ಯಾವ ಎಚ್ಚರಿಕೆಯೂ ಕಾಣುವುದಿಲ್ಲ. ಅಲ್ಲಿ ಒಂದು ಅಂಕಿ ಇದ್ದೇ ಇರುತ್ತದೆ; ಅದು ನಿಜವಾದ ಮಟ್ಟಕ್ಕಿಂತ 20 ಸೆಂಟಿಮೀಟರ್ ಕಡಿಮೆಯಿರುತ್ತದೆ, ಅಷ್ಟೆ. ನಿಂತುಹೋದ ಗಡಿಯಾರವು ತನ್ನ ದೋಷವನ್ನು ಬೇಗ ತೋರಿಸಿಕೊಡುತ್ತದೆ; ಹತ್ತು ನಿಮಿಷ ಹಿಂದಿರುವ ಗಡಿಯಾರವು ತೋರಿಸಿಕೊಡುವುದಿಲ್ಲ. ಹೊಳೆಯ ದಡದಲ್ಲಿರುವವನು ಆ ಅಂಕಿಯನ್ನು ನಂಬಿ ಮಲಗುತ್ತಾನೆ. ಅವನು ಕರಡನ್ನು ಬರೆದವರನ್ನು ಅರಿಯನು. ಅವರೂ ಅವನನ್ನು ಅರಿಯರು. ಅವರ ಮಾತು ನಿಸ್ಸಂದಿಗ್ಧವಾಗಿದ್ದರೆ ಮಾತ್ರ ಅವನು ನಂಬಿದ ಅಂಕಿ ನಿಜವಾಗಿರುತ್ತದೆ.