ಅರವತ್ತರ ಪಕ್ಕದ ಅಂಕಿ

ಗುಡಗೇರಿಯಿಂದ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ಎಕೋ (ಶಬ್ದತರಂಗದಿಂದ ಹೃದಯ ನೋಡುವ ಪರೀಕ್ಷೆ) ಮಾಡಿಸಿಕೊಂಡು ಬಂದವರ ಮನೆಯಲ್ಲಿ ಒಂದು ಅಂಕಿ ಎಲ್ಲರಿಗೂ ಬಾಯಿಪಾಠ: ‘ಅವ್ವಗ ಲಂಗ್ಸಿನ ಬಿ.ಪಿ. ಅರವತ್ತ ಐತಂತ್ರಿ.’ ಹತ್ತಿಕಟ್ಟಿಗೆಯ ಹೊಗೆಯಲ್ಲಿ ವರ್ಷಾನುಗಟ್ಟಲೆ ರೊಟ್ಟಿ ಬಡಿದವರಿಗೆ ಶ್ವಾಸಕೋಶ ಕೆಟ್ಟು, ಅದರ ರಕ್ತನಾಳಗಳ ಈ ಒತ್ತಡ ಏರಬಹುದು. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿಯೂ ಏರಬಹುದು. ದಮ್ಮು, ಕಾಲುಬಾವು ಎರಡರಲ್ಲೂ ಉಂಟು.

ಆದರೆ ರೋಗಿಯ ಮುಂದಿನ ದಿನಗಳನ್ನು ಅರವತ್ತು ಒಂದೇ ಹೇಳಲಾರದು. ಅಷ್ಟು ಒತ್ತಡದ ಎದುರು ರಕ್ತ ದೂಡಲು ಹೃದಯದ ಬಲ ಕೋಣೆಗೆ ಎಷ್ಟು ಕಸುವು ಉಳಿದಿದೆ ಎಂದು ನೋಡಬೇಕು. ಅದಕ್ಕೆ ಎಕೋದಲ್ಲಿ ಸರಳ ಅಳತೆಯೊಂದಿದೆ. ಬಲಗಡೆಯ ಕವಾಟದ ಅಂಚು ಪ್ರತಿ ಬಡಿತಕ್ಕೂ ಹೃದಯದ ತುದಿಯತ್ತ ಎಷ್ಟು ಮಿಲಿಮೀಟರ್ ಸರಿಯುತ್ತದೆ ಎಂಬ ಲೆಕ್ಕ ಅದು. ವರದಿಯಲ್ಲಿ ‘ಟ್ಯಾಪ್ಸಿ’ ಎಂದು ಬರೆದಿರುತ್ತದೆ. 17ಕ್ಕಿಂತ ಕಡಿಮೆಯಾದರೆ ಬಲ ಕೋಣೆ ಸೋಲುತ್ತಿದೆ ಎಂದೇ ವೈದ್ಯರ ಅನುಮಾನ.

ಇಬ್ಬರದೂ ಒತ್ತಡ 60 ಎನ್ನಿ. ಒಬ್ಬರ ಟ್ಯಾಪ್ಸಿ 20, ಇನ್ನೊಬ್ಬರದು 11. ಒತ್ತಡದಿಂದ ಭಾಗಿಸಿದರೆ 0.33 ಮತ್ತು 0.18. ಶ್ವಾಸಕೋಶದ ಅಪಧಮನಿಗಳೇ ಕೆಟ್ಟು ಬರುವ ಬಗೆಯ ರೋಗಕ್ಕೆ ಯುರೋಪಿನ ತಜ್ಞರು 2022ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ 0.32ಕ್ಕಿಂತ ಹೆಚ್ಚಿದ್ದರೆ ಅಪಾಯ ಕಡಿಮೆ, 0.19ಕ್ಕಿಂತ ಕೆಳಗಿದ್ದರೆ ಹೆಚ್ಚು. ಬಲ ಹೃತ್ಕರ್ಣ ಹಿಗ್ಗಿದೆಯೇ, ಹೃದಯದ ಸುತ್ತ ನೀರು ತುಂಬಿದೆಯೇ, ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರು ಎಂಬುದನ್ನೂ ಜೊತೆಗಿಟ್ಟೇ ತೂಗುತ್ತಾರೆ.

ಈ ಅಳತೆಗಳನ್ನು ಕೊಡುವ ಎಕೋ ಹುಟ್ಟಿದ್ದು 1953ರಲ್ಲಿ, ಸ್ವೀಡನ್ನಿನ ಲುಂಡ್‌ನಲ್ಲಿ. ಇಂಗೆ ಎಡ್ಲರ್ ಮತ್ತು ಹೆಲ್ಮುತ್ ಹರ್ಟ್ಸ್ ಲೋಹದ ಬಿರುಕು ಹುಡುಕುವ ಯಂತ್ರವನ್ನು ಎದೆಗೆ ಹಿಡಿದರು. ಎಡ್ಲರ್‌ಗೆ ಬೇಕಿದ್ದುದು ಮೈಟ್ರಲ್ ಕವಾಟದ ಸ್ಥಿತಿ. ನಮ್ಮ ಕಡೆ ಇಂದಿಗೂ ಕಾಡುವ ಅದೇ ಕವಾಟ!

ಆದರೂ ಎಕೋ ಹೇಳುವ ಒತ್ತಡ ಅಂದಾಜಿನದು. ಹೊಗೆಯಿಂದ ಉಬ್ಬಿದ ಶ್ವಾಸಕೋಶ ಅಡ್ಡ ಬಂದರೆ ಚಿತ್ರ ಸ್ಪಷ್ಟವಾಗಿ ಸಿಗುವುದಿಲ್ಲ. ಖಚಿತ ಒತ್ತಡ ಬೇಕೆಂದರೆ ರಕ್ತನಾಳದೊಳಗೆ ಕ್ಯಾಥೆಟರ್ ಇಳಿಸಲೇಬೇಕು. ಇನ್ನೊಂದು ಮೋಸವಿದೆ. ಬಲ ಕೋಣೆ ಪೂರ್ತಿ ದಣಿದಾಗ ಒತ್ತಡ ಎಬ್ಬಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅರವತ್ತು ನಲವತ್ತೈದಕ್ಕೆ ಇಳಿಯುತ್ತದೆ. ಮನೆಯವರು ‘ಕಡಿಮಿ ಆತು’ ಅಂತ ಗುಳಿಗೆ ಬಿಡಿಸಿಬಿಟ್ಟಾರು. ಹಳೆಯ ವರದಿಯನ್ನೂ ಹೊಸದನ್ನೂ ಜೊತೆಗೇ ಒಯ್ದು, ಟ್ಯಾಪ್ಸಿ ಎಷ್ಟಿತ್ತು, ಈಗ ಎಷ್ಟಾಗಿದೆ ಎಂದು ಡಾಕ್ಟರನ್ನು ಕೇಳಬೇಕು.